ಸಿನಿಮಾ, ಸೀರಿಯಲ್‌ಗೆ ಬರೋ ಬಡವರ ಮಕ್ಕಳಿಗೆ ಕೋಟಿ ಕೊಡಬೇಕಾ, ಬಾಟಾ (ದಿನದ ಖರ್ಚಿನ ಕಾಸು) ಕೊಡಬೇಕಾ?

ಬಯಲುಸೀಮೆ: ಕೇರಳದ ಚಲನಚಿತ್ರ ಅಭಿವೃದ್ಧಿ ನಿಗಮ ಮಹಿಳಾ ನಿರ್ದೇಶಕರಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದ ನಿರ್ದೇಶಕರಿಗೆ ಒಂದು ಸಿನಿಮಾಕ್ಕೆ 1.5 ಕೋಟಿ ರೂಪಾಯಿವರೆಗೆ ಕೊಡುತ್ತದೆ. 2025ರ ಆಗಸ್ಟ್‌ನಲ್ಲಿ ಮಲಯಾಳಂನ ಹಿರಿಯ ನಿರ್ದೇಶಕ ಅಡೂರು ಗೋಪಾಲಕೃಷ್ಣನ್, ಅಷ್ಟು ದುಡ್ಡು ಒಬ್ಬರಿಗೇ ಬೇಡ, 50 ಲಕ್ಷದಂತೆ ಮೂವರಿಗೆ ಹಂಚಿ, ಅದಕ್ಕೂ ಮೊದಲು ಮೂರು ತಿಂಗಳು ತರಬೇತಿ ಕೊಡಿ ಅಂದರು. ದೊಡ್ಡ ಗಲಾಟೆಯೇ ಆಯಿತು. ನಮ್ಮಲ್ಲೂ ಇಂಥ ಯೋಜನೆ ಬೇಕು ಅಂತ ನನ್ನ ವಾದ. ಏನಂತೀರಿ?

ಪ್ಯಾಕಪ್ ಪುಟ್ಟ: ಡೈರೆಕ್ಟರ್ ಆಗೋದು ಕೊನೇ ಮೆಟ್ಟಿಲು ಸಾರ್, ನಮ್ಮ ಹುಡುಗ್ರು ಬೀಳೋದು ಮೊದಲನೇ ಮೆಟ್ಟಿಲಲ್ಲೇ. ನಾನು ಸೀರಿಯಲ್‌ನಲ್ಲಿ ಅಸೋಸಿಯೇಟ್ ಡೈರೆಕ್ಟರ್. ನಾನು ನೋಡಿದ ಸೆಟ್‌ಗಳಲ್ಲಿ ಹೊಸ ಅಸಿಸ್ಟೆಂಟ್‌ಗೆ ಮೊದಮೊದಲು ಊಟ, ಹೆಚ್ಚೆಂದರೆ ಪೆಟ್ರೋಲ್ ಕಾಸು. ಬೆಳಗ್ಗೆ ಏಳಕ್ಕೆ ಬಂದು ಕಂಟಿನ್ಯುಟಿ ಬರೀಬೇಕು: ಸೊಸೆ ಎಡಗೈಲಿ ಎಷ್ಟು ಬಳೆ ಇತ್ತು, ಮಾವನ ಲೋಟದಲ್ಲಿ ಕಾಫಿ ಎಲ್ಲೀತನಕ ಇತ್ತು. ಒಂದು ತಪ್ಪಿದ್ರೂ ಎಲ್ಲರೆದುರು ಬೈಗುಳ. ಬೆಂಗಳೂರಲ್ಲಿ ಅಪ್ಪನ ಮನೆ ಇದ್ದೋನು ತಡ್ಕೋತಾನೆ. ಸಿಂಧನೂರಿಂದ ಬಂದೋನು ಎರಡನೇ ತಿಂಗಳ ಪಿಜಿ ಬಾಡಿಗೆ ಕಟ್ಟೋಕಾಗದೆ ಫುಡ್ ಡೆಲಿವರಿಗೆ ಹೋಗ್ತಾನೆ.

ಗಾಂಧಿನಗರ ಗೌಡ: ನಾವೆಲ್ಲ ಹೊಟ್ಟೆಗಿಲ್ಲದೇ ಕಲ್ತೋರು ಕಣಪ್ಪ. ತಿಂಗಳಾ ತಿಂಗಳಾ ದುಡ್ಡು ಅಂದ್ರೆ ಟೈಂಪಾಸ್ ಗಿರಾಕಿಗಳೇ ಕ್ಯೂ ನಿಲ್ತಾರೆ. ಚಾನೆಲ್‌ನೋರು ಎಪಿಸೋಡ್ ಲೆಕ್ಕದಲ್ಲಿ ಕೊಡೋದು, ಪ್ರೊಡ್ಯೂಸರ್ ಎಲ್ಲಿಂದ ತರ್ತಾನೆ?

ಪ್ಯಾಕಪ್ ಪುಟ್ಟ: ಅಣ್ಣ, ಹೊಟ್ಟೆಗಿಲ್ಲದೇ ಉಳ್ಕೊಂಡೋರು ಇಲ್ಲಿ ಕೂತು ಮಾತಾಡ್ತಿದೀರ. ಊರಿಗೆ ವಾಪಸ್ ಹೋದೋರನ್ನ ಕೇಳೋರ್ಯಾರು?

ನೆಗೆಟಿವ್ ಡಬ್ಬಿ: ಹೆಸರಘಟ್ಟದ ಸರ್ಕಾರಿ ಫಿಲ್ಮ್ ಅಂಡ್ ಟೆಲಿವಿಷನ್ ಇನ್‌ಸ್ಟಿಟ್ಯೂಟ್ ಇರುವುದು ಇದಕ್ಕೇ ಅಲ್ಲವೇ? ಅದರ ಬೇರು ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ. ಹಿಂದಿ ಸಿನಿಮಾದ ಹೆಸರಾಂತ ಛಾಯಾಗ್ರಾಹಕರಾದ ವಿ.ಕೆ. ಮೂರ್ತಿ, ಗೋವಿಂದ ನಿಹಲಾನಿ ಕ್ಯಾಮೆರಾ ಕಲಿತದ್ದು ಅಲ್ಲೇ. ಹೊಸ ಯೋಜನೆ ಕಟ್ಟುವ ಮೊದಲು ಇರುವುದನ್ನು ಸರಿಯಾಗಿ ನಡೆಸಲಿ.

ಬಿಸಿಲೂರು: ಹೆಸರಘಟ್ಟದಾಗ ಕ್ಯಾಮೆರಾ, ಸೌಂಡ್ ಡಿಪ್ಲೊಮಾ ಐತಿ ಅಂತ ನಮ್ಮ ಕಡೆ ಎಷ್ಟ್ ಮಂದಿಗೆ ಗೊತ್ತೈತ್ರಿ? ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗಗ ಸಾಲಿ ಮಾಸ್ತರು ಐಟಿಐ, ಸಿವಿಲ್, ಮೆಕ್ಯಾನಿಕಲ್ ಅಂತಾರ, ಮುಗೀತು. ನಾಟಕದ ಹುಚ್ಚಿದ್ದವರಿಗೆ ನೀನಾಸಂ, ರಂಗಾಯಣ ಗೊತ್ತು. ಆದ್ರ ಅದು ನಟನೆ ದಾರಿ. ಲೈಟು, ಸೌಂಡು, ಎಡಿಟಿಂಗ್‌ಗೆ ಬರಾಕ ಯಾರ್ ಕರೀತಾರ?

ಮಲ್ಲಿಗೆ ದಂಡೆ: ಹೆಣ್ಮಕ್ಕಳ ಕಥೆ ಇನ್ನೂ ಬೇರೆ. ಮುಂಬೈಯಲ್ಲಿ ಮೇಕಪ್ ಕಲಾವಿದರ ಸಂಘ ಹೆಂಗಸರಿಗೆ ಹೇರ್ ಡ್ರೆಸ್ಸರ್ ಅಂತ ಸದಸ್ಯತ್ವದ ಕಾರ್ಡ್ ಮಾತ್ರ ಕೊಡ್ತಿತ್ತು, ಮೇಕಪ್ ಕಾರ್ಡ್ ಇಲ್ಲ. ಅದು ತಪ್ಪು ಅಂತ ಸುಪ್ರೀಂ ಕೋರ್ಟ್ ಹೇಳಬೇಕಾಗಿ ಬಂದದ್ದು 2014ರಲ್ಲಿ! ರಾತ್ರಿ ಹತ್ತಕ್ಕೆ ಪ್ಯಾಕಪ್ ಆದರೆ ಹುಡುಗಿ ರೂಮಿಗೆ ಹೋಗೋದು ಹೇಗೆ? ಹೀರೋಯಿನ್‌ಗೆ ಕಾರಿದೆ. ಅಸಿಸ್ಟೆಂಟ್‌ಗೆ ಯೂನಿಟ್ ಗಾಡಿ ಇದ್ದರೆ ಪುಣ್ಯ. ಮೂರು ತಿಂಗಳ ತರಬೇತಿ ಈ ಪ್ರಶ್ನೆಗೆ ಉತ್ತರವಲ್ಲ.

ಬಯಲುಸೀಮೆ: ಹಾಗಾದರೆ ದುಡ್ಡಿನ ಮೂಲ? 2024ರಲ್ಲಿ ನಮ್ಮ ಸರ್ಕಾರ ಸಿನಿ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿ ಕಾನೂನು ಮಾಡಿತು. ಸಿನಿಮಾ ಟಿಕೆಟ್, ಒಟಿಟಿ ಚಂದಾ ಮೇಲೆ ಶೇ 1ರಿಂದ 2ರಷ್ಟು ಸೆಸ್ ಹಾಕಲು ಅವಕಾಶವಿದೆ. ಅದರಲ್ಲೇ ಒಂದು ಪಾಲು ತೆಗೆದಿಡಬಹುದಲ್ಲ?

ಪ್ಯಾಕಪ್ ಪುಟ್ಟ: ಅದು ಈಗಾಗಲೇ ದುಡೀತಿರೋರ ಭದ್ರತೆಗೆ. ಅದಕ್ಕೆ ಕೈ ಹಾಕಿದ್ರೆ ವಯಸ್ಸಾದ ಲೈಟ್ ಬಾಯ್ ಹೊಟ್ಟೆ ಮೇಲೆ ಹೊಡೆದಂಗೆ. ನನ್ನ ಕೇಳಿದ್ರೆ, ಸರ್ಕಾರದ ಸಬ್ಸಿಡಿ ತಗೊಳ್ಳೋ ಪ್ರತಿ ಸಿನಿಮಾದಲ್ಲೂ ಇಬ್ಬರು ಹೊಸ ಹುಡುಗ್ರು ಇರಲೇಬೇಕು, ಅವರ ಬಾಟಾ ಅವರ ಖಾತೆಗೇ ಬೀಳಬೇಕು ಅಂತ ಷರತ್ತು ಹಾಕಲಿ. ಖಾತೆ ಚೀಟಿ ತೋರಿಸದಿದ್ರೆ ಕೊನೇ ಕಂತು ಇಲ್ಲ.

ಗಾಂಧಿನಗರ ಗೌಡ: ಪ್ರೊಡ್ಯೂಸರ್ ಬಾಮೈದನ ಹೆಸರೇ ಬರೋದು, ನೋಡ್ತಿರು.

ಪ್ಯಾಕಪ್ ಪುಟ್ಟ: ಅದಕ್ಕೇ ಹೆಸರಘಟ್ಟದ ಡಿಪ್ಲೊಮಾ ಆದೋರ ಪಟ್ಟಿಯಿಂದ, ಸರ್ಕಾರಿ ಹಾಸ್ಟೆಲ್‌ನಲ್ಲಿ ಓದಿದೋರ ಪಟ್ಟಿಯಿಂದ ತಗೋಬೇಕು ಅನ್ನೋದು. ಬಾಮೈದ ಹಾಸ್ಟೆಲ್‌ನಲ್ಲಿ ಓದಿರಲ್ಲ ಬಿಡಿ.

ಬಿಸಿಲೂರು: ಪುಟ್ಟಣ್ಣಾರ, ನಮ್ಮ ಅಕ್ಕನ ಮಗ ಸೌಂಡ್ ಕೆಲಸ ಕಲೀಬೇಕಂತಾನ. ನಿಮ್ಮ ಸೆಟ್‌ಗೆ ಕಳಿಸಿದ್ರ ಬಾಟಾ ಸಿಗತೈತೇನ್ರಿ?

ಪ್ಯಾಕಪ್ ಪುಟ್ಟ: ಮೊದಲ ತಿಂಗಳು ಸಿಗಲ್ಲ ಸಾರ್, ಸುಳ್ಳು ಹೇಳಲ್ಲ. ಮಲಗೋಕೆ ನನ್ನ ರೂಮಿದೆ, ಕಳಿಸಿ.