ಆಕ್ಟೇವ್: ಸ್ವರ ಏಳಾದರೆ ಹೆಸರೇಕೆ ಎಂಟರದ್ದು?

ಪ್ರಶ್ನೆ

ಪಾಶ್ಚಾತ್ಯ ಸಂಗೀತದ ಆರಂಭದ ಪಾಠಗಳನ್ನು ಓದುವಾಗ ಹುಟ್ಟಿದ ಸಂದೇಹವೊಂದನ್ನು ತಿಳಿದವರ ಮುಂದಿಡುತ್ತಿದ್ದೇನೆ. ನಾವು ಸ್ಥಾಯಿ ಎನ್ನುವುದನ್ನು ಅವರು ಆಕ್ಟೇವ್ ಎನ್ನುತ್ತಾರೆ. ಲ್ಯಾಟಿನ್ ಮೂಲದ ಆ ಹೆಸರು ಎಂಟನೆಯದನ್ನು ಸೂಚಿಸುತ್ತದೆ. ಸ್ವರಗಳಿರುವುದು ಮಾತ್ರ ಏಳು, ಹಿಂದೂಸ್ತಾನಿ ಸಂಗೀತಗಾರರು ಅದನ್ನು ಸಪ್ತಕವೆಂದೇ ಕರೆಯುತ್ತಾರೆ. ಹದಿನಾಲ್ಕು ಸಾಲಿನ ಪದ್ಯವಾದ ಸಾನೆಟ್ಟಿನ ಮೊದಲ ಎಂಟು ಸಾಲುಗಳಿಗೂ, ಕ್ರೈಸ್ತರಲ್ಲಿ ಎಂಟು ದಿನ ನಡೆಯುವ ಹಬ್ಬಕ್ಕೂ ಇದೇ ಹೆಸರಿದೆ. ಈ ಮೂರರ ಹಿಂದೆಯೂ ಒಂದೇ ಕಲ್ಪನೆ ಇದೆಯೇ, ಅಥವಾ ಸಂಖ್ಯೆ ಒಂದೇ ಆದದ್ದರಿಂದ ಹೆಸರೂ ಒಂದೇ ಆಯಿತೇ?

ಉತ್ತರ 1

ಸಂಗೀತದ ಮಟ್ಟಿಗೆ ಹೇಳುತ್ತೇನೆ. ಸಪ್ತಕ ಎನ್ನುವವರು ಬೇರೆ ಬೇರೆ ಸ್ವರಗಳು ಎಷ್ಟಿವೆ ಎಂದು ಎಣಿಸುತ್ತಾರೆ. ಆಕ್ಟೇವ್ ಎನ್ನುವವರು ಹೊರಟ ಷಡ್ಜವನ್ನು ಒಂದೆಂದು ಹಿಡಿದು, ಮೇಲಿನ ಷಡ್ಜ ಎಷ್ಟನೆಯದಾಗುತ್ತದೆ ಎಂದು ಎಣಿಸುತ್ತಾರೆ. ಹೊರಟ ಸ್ಥಾನವೂ ಲೆಕ್ಕಕ್ಕೆ ಸೇರುವುದರಿಂದ ಅವರ ಕೂಡುವಿಕೆ ನಮಗೆ ವಿಚಿತ್ರವಾಗಿ ಕಾಣುತ್ತದೆ. ಎರಡು ಆಕ್ಟೇವ್‌ಗಳನ್ನು ಒಂದರ ಮೇಲೊಂದು ಇಟ್ಟಾಗ ಸಿಗುವ ಅಂತರಕ್ಕೆ ಹದಿನಾರನೆಯದು ಎನ್ನದೆ ಹದಿನೈದನೆಯದು ಎನ್ನುತ್ತಾರೆ, ಏಕೆಂದರೆ ನಡುವಿನ ಷಡ್ಜ ಎರಡಕ್ಕೂ ಸೇರಿದ್ದು.

ಎಣಿಕೆ ಹೇಗೇ ಇರಲಿ, ನಾದದ ಲೆಕ್ಕ ಸರಳವಾಗಿದೆ: ಕಂಪನದ ಆವೃತ್ತಿ ಇಮ್ಮಡಿಯಾದರೆ ಒಂದು ಸ್ಥಾಯಿ ಏರಿದಂತೆ. ವಾದ್ಯಗಳ ಶ್ರುತಿಗೆ ಆಧಾರವಾಗಿ 440 ಹರ್ಟ್ಸ್‌ನ ಸ್ವರವನ್ನು ಇಟ್ಟುಕೊಂಡರೆ ಅದರ ಮೇಲಿನದು 880, ಕೆಳಗಿನದು 220. ವೀಣೆಯ ದಂಡಿಯ ಮೇಲೆ ಇದನ್ನು ಕಣ್ಣಾರೆ ಕಾಣಬಹುದು. ಅದರಲ್ಲಿರುವ 24 ಮೆಟ್ಟಿಲುಗಳಲ್ಲಿ ಹನ್ನೆರಡನೆಯದು ತಂತಿಯ ಹೆಚ್ಚುಕಡಿಮೆ ನಟ್ಟನಡುವೆ ಬರುತ್ತದೆ. ಷಡ್ಜಕ್ಕೆ ಕೂಡಿಸಿದ ತಂತಿಯನ್ನು ಅಲ್ಲಿ ಒತ್ತಿ ಮೀಟಿದರೆ ಮೇಲಿನ ಷಡ್ಜ ನುಡಿಯುತ್ತದೆ. ಇಪ್ಪತ್ತನಾಲ್ಕನೆಯ ಮೆಟ್ಟಿಲಿನಲ್ಲಿ ಮಿಡಿಯುವ ಉದ್ದ ಉಳಿಯುವುದು ಕಾಲು ಭಾಗ ಮಾತ್ರ. ಹಾಗಾಗಿ ಮೊದಲ ಸ್ಥಾಯಿಯ ಹನ್ನೆರಡು ಮೆಟ್ಟಿಲುಗಳು ಅರ್ಧ ತಂತಿಯ ಉದ್ದಕ್ಕೆ ವಿರಾಮವಾಗಿ ಹರಡಿಕೊಂಡಿದ್ದರೆ, ಮುಂದಿನ ಹನ್ನೆರಡು ಅದರರ್ಧ ಜಾಗದಲ್ಲಿ ಒತ್ತೊತ್ತಾಗಿ ಕೂತಿರುತ್ತವೆ. ಕಿವಿಗೆ ಮಾತ್ರ ಎರಡೂ ಏರಿಕೆಗಳು ಸಮನಾಗಿಯೇ ಕೇಳುತ್ತವೆ.

ಎರಡು ಷಡ್ಜಗಳು ಒಂದೇ ಸ್ವರವೆನಿಸುವುದಕ್ಕೂ ಕಾರಣವಿದೆ. ತಂತಿಯೊಂದು ಮಿಡಿದಾಗ ಮೂಲ ಆವೃತ್ತಿಯ ಜೊತೆಗೆ ಅದರ ಇಮ್ಮಡಿ, ಮುಮ್ಮಡಿ, ನಾಲ್ಮಡಿಯ ಉಪಸ್ವರಗಳೂ ನುಡಿಯುತ್ತವೆ. ಮೇಲಿನ ಷಡ್ಜದ ಉಪಸ್ವರಗಳೆಲ್ಲ ಕೆಳಗಿನದರ ಒಳಗೆ ಆಗಲೇ ಇರುವುದರಿಂದ, ಅದು ಸೇರಿದಾಗ ಹೊಸಬರು ಯಾರೂ ಬಂದಂತಾಗುವುದಿಲ್ಲ. ಗಂಡಸರೂ ಹೆಂಗಸರೂ ಒಟ್ಟಿಗೆ ಹಾಡುವಾಗ ಸಾಮಾನ್ಯವಾಗಿ ಒಂದು ಸ್ಥಾಯಿಯ ಅಂತರದಲ್ಲಿ ಹಾಡುತ್ತಿದ್ದರೂ, ಎಲ್ಲರೂ ಒಂದೇ ಸ್ವರ ಹಾಡುತ್ತಿದ್ದಾರೆ ಎಂದು ನಾವು ಹೇಳುವುದು ಇದರಿಂದಲೇ.

ಉತ್ತರ 2

ಹೊರಟದ್ದನ್ನೂ ಸೇರಿಸಿ ಎಣಿಸುವ ಈ ಕ್ರಮ ರೋಮನ್ನರದ್ದು. ಎಂಟು ದಿನಕ್ಕೊಮ್ಮೆ ಬರುತ್ತಿದ್ದ ತಮ್ಮ ಸಂತೆಯ ದಿನಕ್ಕೆ ಅವರು ಒಂಬತ್ತರ ಹೆಸರನ್ನು ಇಟ್ಟಿದ್ದರು. ಚರ್ಚಿನ ಅಷ್ಟದಿನವೂ ಇದೇ ಲೆಕ್ಕದಲ್ಲಿ ನಡೆಯುತ್ತದೆ: ಕ್ರಿಸ್‌ಮಸ್ಸಿನ ಅಷ್ಟದಿನ ಡಿಸೆಂಬರ್ 25ಕ್ಕೆ ಆರಂಭವಾಗಿ ಜನವರಿ 1ಕ್ಕೆ ಮುಗಿಯುತ್ತದೆ, ಅಂದರೆ ಎಂಟನೆಯ ದಿನ ಮೊದಲನೆಯ ದಿನದ ವಾರವೇ ಆಗಿರುತ್ತದೆ. ಷಡ್ಜದಿಂದ ಷಡ್ಜಕ್ಕೆ ಹೋದಂತೆ ಭಾನುವಾರದಿಂದ ಭಾನುವಾರಕ್ಕೆ.

ಎಂಟನೆಯ ದಿನದ ಮಹತ್ವ ಕ್ರೈಸ್ತ ಧರ್ಮಕ್ಕಿಂತ ಹಳೆಯದು. ಯಹೂದಿ ಸಂಪ್ರದಾಯದಲ್ಲಿ ಗಂಡುಮಗುವಿನ ಸುನ್ನತಿ ನಡೆಯುವುದು ಎಂಟನೆಯ ದಿನ. ಏಳು ದಿನಗಳ ಸುಕ್ಕೋತ್ ಹಬ್ಬದ ಬೆನ್ನಿಗೇ ಎಂಟನೆಯ ದಿನದ ಪ್ರತ್ಯೇಕ ಸಭೆಯಿದೆ. ಕ್ರೈಸ್ತರು ಇದಕ್ಕೆ ಪುನರುತ್ಥಾನದ ಅರ್ಥವನ್ನು ಕೂಡಿಸಿದರು. ಸೃಷ್ಟಿಯ ಏಳು ದಿನಗಳ ಚಕ್ರ ಮುಗಿದ ಮೇಲೆ ಬರುವ ಭಾನುವಾರ ವಾರದ ಮೊದಲ ದಿನವೂ ಹೌದು, ಎಂಟನೆಯದೂ ಹೌದು ಎಂಬ ವಾದ ಎರಡನೆಯ ಶತಮಾನದ ಕ್ರೈಸ್ತ ಲೇಖಕ ಜಸ್ಟಿನ್‌ನ ಬರಹದಲ್ಲಿಯೇ ಸಿಗುತ್ತದೆ. ರೋಮಿನ ಲ್ಯಾಟರನ್ ಮತ್ತು ಫ್ಲಾರೆನ್ಸಿನ ದೀಕ್ಷಾಸ್ನಾನ ಮಂದಿರಗಳು ಅಷ್ಟಕೋನಾಕಾರದಲ್ಲಿರುವುದನ್ನು ಈ ನಂಬಿಕೆಯೊಂದಿಗೆ ಜೋಡಿಸಿ ನೋಡುವುದು ವಾಡಿಕೆ.

ಅಷ್ಟದಿನಗಳು ಕಾಲಕ್ರಮದಲ್ಲಿ ಎಷ್ಟು ಹೆಚ್ಚಿದವೆಂದರೆ ಒಂದರ ಮೇಲೊಂದು ಬಿದ್ದು ಪೂಜಾ ಪಂಚಾಂಗವೇ ಗೋಜಲಾಯಿತು. 1955ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಕ್ರಿಸ್‌ಮಸ್, ಈಸ್ಟರ್, ಪೆಂಟಕೋಸ್ಟ್ ಈ ಮೂರನ್ನು ಉಳಿಸಿ ಮಿಕ್ಕವನ್ನು ತೆಗೆದರು. 1969ರ ಪಂಚಾಂಗದಲ್ಲಿ ಪೆಂಟಕೋಸ್ಟಿನದೂ ಹೋಯಿತು.

ಉತ್ತರ 3

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ, ಆದರೆ ಅದನ್ನು ಕಾವ್ಯಕ್ಕೆ ವಿಸ್ತರಿಸಬಾರದು. ಸಾನೆಟ್ಟನ್ನು ಕನ್ನಡದಲ್ಲಿ ಅಷ್ಟಷಟ್ಪದಿ ಎಂದೂ ಕರೆದಿರುವುದು ಅದರ ಕಟ್ಟಡಕ್ಕೆ ಒಪ್ಪುವ ಹೆಸರೇ: ಎಂಟು ಸಾಲುಗಳಲ್ಲಿ ವಿಷಯ ಬೆಳೆಯುತ್ತದೆ, ಒಂಬತ್ತರಲ್ಲಿ ತಿರುವು ಬರುತ್ತದೆ, ಉಳಿದ ಆರು ಸಾಲುಗಳು ಆ ತಿರುವಿಗೆ ಉತ್ತರಿಸುತ್ತವೆ. ಇಲ್ಲಿ ಎಂಟು ಎಂಬುದು ಅಳತೆ ಮಾತ್ರ. ಎಂಟನೆಯ ಸಾಲು ಮೊದಲನೆಯದರ ಮರುಹುಟ್ಟಲ್ಲ. ನಮ್ಮ ಅಷ್ಟಕ ಸ್ತೋತ್ರಗಳದ್ದೂ ಇದೇ ಲೆಕ್ಕ. ಎಷ್ಟೋ ಅಷ್ಟಕಗಳಲ್ಲಿ ಒಂಬತ್ತನೆಯದಾಗಿ ಫಲಶ್ರುತಿಯ ಶ್ಲೋಕವಿದ್ದರೂ ಅದನ್ನು ಯಾರೂ ಎಣಿಕೆಗೆ ಹಿಡಿಯುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಧನ್ಯವಾದಗಳು. ಆದರೆ ಇಟಲಿಯ ಕವಿ ಪೆಟ್ರಾರ್ಕನ ಸಾನೆಟ್ಟುಗಳಲ್ಲಿ ಅಂತ್ಯಪ್ರಾಸ ಸಾಮಾನ್ಯವಾಗಿ ಕ-ಖ-ಖ-ಕ, ಕ-ಖ-ಖ-ಕ ಎಂದಿರುತ್ತದಲ್ಲವೇ? ಎಂಟನೆಯ ಸಾಲು ಮೊದಲ ಸಾಲಿನ ಪ್ರಾಸಕ್ಕೇ ಮರಳುತ್ತದೆ. ಇದನ್ನು ಸ್ಥಾಯಿಯ ಹಾಗೆ ನೋಡಲು ಬರುವುದಿಲ್ಲವೇ?

ಉತ್ತರ 3 ಬರೆದವರಿಂದ

ಆಕರ್ಷಕವಾದ ಹೋಲಿಕೆಯೇನೋ ಹೌದು, ಆದರೆ ನಾಲ್ಕನೆಯ ಮತ್ತು ಐದನೆಯ ಸಾಲುಗಳೂ ಅದೇ ಪ್ರಾಸಕ್ಕೆ ಮರಳುತ್ತವೆ. ಸಾನೆಟ್ಟು ಹುಟ್ಟಿದ್ದು ಹದಿಮೂರನೆಯ ಶತಮಾನದ ಸಿಸಿಲಿಯ ರಾಜಾಸ್ಥಾನದಲ್ಲಿ. ಅಲ್ಲಿಯ ಮೊದಲ ರಚನೆಗಳಲ್ಲಿ ಪ್ರಾಸ ಕ-ಖ, ಕ-ಖ ಎಂದು ಸಾಗುವುದರಿಂದ ಎಂಟನೆಯ ಸಾಲು ಸೇರುವುದು ಎರಡನೆಯದರ ಜೊತೆಗೆ. ಇಟಲಿಯದೇ ಇನ್ನೊಂದು ಎಂಟು ಸಾಲಿನ ಪದ್ಯಬಂಧವಾದ ಒಟ್ಟಾವ ರೀಮಾದಲ್ಲಂತೂ ಕ-ಖ ಎಂದು ಮೂರು ಬಾರಿ ಬಂದ ಮೇಲೆ ಕೊನೆಯೆರಡು ಸಾಲುಗಳು ಗ-ಗ ಎಂಬ ಹೊಸ ಪ್ರಾಸಕ್ಕೆ ಜಿಗಿಯುತ್ತವೆ. ಆರು ಸಾಲುಗಳಲ್ಲಿ ಗಂಭೀರವಾಗಿ ಕಟ್ಟಿದ್ದನ್ನು ಆ ಎರಡು ಸಾಲುಗಳಲ್ಲಿ ನಗೆಯಾಡಿ ಕೆಡವಲು ಇಂಗ್ಲಿಷ್ ಕವಿ ಬೈರನ್ ಈ ಬಂಧವನ್ನು ಬಳಸಿಕೊಂಡದ್ದು ಪ್ರಸಿದ್ಧ. ಅಲ್ಲಿ ಎಂಟನೆಯ ಸಾಲಿನ ಕೆಲಸವೇ ಮನೆಗೆ ಮರಳದಿರುವುದು.

ಉತ್ತರ 4

ಧರ್ಮ ಮತ್ತು ಸಂಗೀತ ಎರಡೂ ಸೇರುವ ಜಾಗವೊಂದನ್ನು ಯಾರೂ ಹೇಳಲಿಲ್ಲ. ಪಾಶ್ಚಾತ್ಯ ಚರ್ಚಿನ ಹಳೆಯ ಪ್ರಾರ್ಥನಾ ಗಾಯನವಾದ ಗ್ರೆಗೋರಿಯನ್ ಗಾಯನದ ಪ್ರಕಾರಗಳು ಎಂಟು, ಆದರೆ ಅದಕ್ಕೂ ಸ್ಥಾಯಿಯ ಎಂಟಕ್ಕೂ ಸಂಬಂಧವಿಲ್ಲ. ಹಾಡು ನಿಲ್ಲುವ ಸ್ವರಗಳು ನಾಲ್ಕು. ಪ್ರತಿಯೊಂದಕ್ಕೂ ಹಾಡು ಮೇಲಕ್ಕೆ ಹರಡುವ ಪ್ರಕಾರ ಒಂದು, ಆ ಸ್ವರದ ಕೆಳಗೂ ಮೇಲೂ ಹರಡುವ ಪ್ರಕಾರ ಇನ್ನೊಂದು. ನಾಲ್ಕೆರಡಲೆ ಎಂಟು, ಅಷ್ಟೆ. ಬೈಜಾಂಟಿಯನ್ ಸಂಪ್ರದಾಯದ ಚರ್ಚುಗಳಲ್ಲಿಯೂ ಎಂಟು ಪ್ರಕಾರಗಳಿದ್ದು, ವಾರಕ್ಕೊಂದರಂತೆ ಸರದಿಯಲ್ಲಿ ಬಳಸುತ್ತಾರೆ. ಎಂಟನೆಯ ವಾರಕ್ಕೂ ಅದರದೇ ಆದ ಪ್ರಕಾರವಿರುವುದರಿಂದ ಅಲ್ಲಿ ಮೊದಲನೆಯದು ಮರಳುವುದು ಒಂಬತ್ತನೆಯ ವಾರದಲ್ಲಿ.