ಡ್ರ್ಯಾಗನ್ ಫ್ರೂಟ್ ಕಡ್ಡಿ: ಆರಿದ್ರಾ ಮಳೆಗೆ ನೆಡೋದಾ, ಮಾಗಿ ಚಳೀಲಾ?

ಬೇಲೂರು ಕಡೆಯಿಂದ (ಪ್ರಶ್ನೆ): ಪಕ್ಕದ ತೋಟದವರು ಕಂಬಕ್ಕೆ ಹಬ್ಬಿದ ಡ್ರ್ಯಾಗನ್ ಗಿಡದ ಕಾಂಡ ಕತ್ತರಿಸಿ ಭಾರ ಇಳಿಸ್ತಿದ್ದಾರೆ, 200 ಕಡ್ಡಿ ಸುಮ್ಮನೆ ಕೊಡ್ತೀನಿ ಅಂದಿದ್ದಾರೆ. ಆರಿದ್ರಾ ಮಳೆ ಹಿಡ್ಕೊಂಡಿದೆ. ಈಗಲೇ ಮಣ್ಣು ತುಂಬಿದ ಕವರಿಗೆ ಹಾಕೋದಾ, ಕಾಯೋದಾ? ನೆರಳು ಪರದೆ ಇಲ್ಲ. ಕೊಟ್ಟಿಗೆ ಮುಂದೆ ತಗಡಿನ ಚಪ್ಪರ ಇದೆ. ಅನುಭವ ಇರೋರು ದಯವಿಟ್ಟು ಹೇಳಿ.

ಮೂಡಿಗೆರೆ: ಮಳೆಗಾಲದಲ್ಲಿ ಹಾಕಲೇಬೇಡಿ. ನಮ್ಮ ಲೆಕ್ಕ ನೋಡಿ: 400 ಕಡ್ಡಿ, ಒಂದಕ್ಕೆ 35ರಂತೆ 14,000. ಕವರಿಗೆ 600. ಇಬ್ಬರು ಆಳು ಎರಡು ದಿನ, 2,400. ಒಟ್ಟು 17,000. ಜುಲೈ ಮೊದಲ ವಾರ ನೆಟ್ಟಿದ್ದು, ಆಗಸ್ಟ್ ನಡುವಿಗೆ 260 ಕೊಳೆತವು. ಬುಡ ಮೊದಲು ಬೇಯಿಸಿದ ಸೋರೆಕಾಯಿ ಥರ ನೀರಾಗುತ್ತೆ, ಆಮೇಲೆ ಕಂದು. ಮೇಲೆತ್ತಿದರೆ ತಿರುಳೆಲ್ಲ ಜಾರಿ ನಡುವಿನ ಗಟ್ಟಿ ನಾರು ಮಾತ್ರ ಕೈಗೆ ಬರುತ್ತೆ, ಕೆಟ್ಟ ನಾತ. ಕಾಪರ್ ಆಕ್ಸಿಕ್ಲೋರೈಡ್ ಲೀಟರಿಗೆ 3 ಗ್ರಾಂ ಹಾಕಿ ಅದ್ದಿಯೂ ಆಗಿತ್ತು. ಕೊಯ್ದ ಬಾಯಿ ಹಸಿ ಇದ್ದರೆ ಯಾವ ಔಷಧಿಯೂ ನಿಲ್ಲಿಸಲ್ಲ.

ಅರಸೀಕೆರೆ: ಎಷ್ಟು ದಿನ ಒಣಗಿಸಿದ್ರಿ ಅನ್ನೋದನ್ನ ಬಿಟ್ಟೇ ಬರೆದಿದ್ದೀರಿ. ಮೂರೇ ದಿನ ಇಟ್ಟು ಮಳೆಯನ್ನ ಬೈದರೆ ಹೇಗೆ? ನಮ್ಮಲ್ಲಿ 110 ಕಂಬ, ಕಂಬಕ್ಕೆ ನಾಲ್ಕು, 440 ಕಡ್ಡಿ ಅದೇ ಜುಲೈನಲ್ಲಿ ನೇರ ಹೊಲಕ್ಕೆ ಹೋಗಿದ್ದು. ಸತ್ತಿದ್ದು 31. ಕೆಂಪು ಗರಸು ಮಣ್ಣು, ಕಂಬದ ಸುತ್ತ ಒಂದಡಿ ಏರಿಸಿದ ದಿಬ್ಬ, ಎರಡು ಇಂಚಿಗಿಂತ ಆಳ ಇಲ್ಲ. ನಾಲ್ಕು ಇಂಚು ಹೂತವರದ್ದೇ ಕೊಳೆಯೋದು. ಆ 31 ಜಾಗಕ್ಕೆ ಫೆಬ್ರವರಿ ಕೊನೆಯಲ್ಲಿ ಹೊಸ ಕಡ್ಡಿ ಇಟ್ಟಿದ್ದಕ್ಕೆ ಪಡುವಣ ಬಿಸಿಲಿಗೆ 12 ಹಳದಿಯಾಗಿ ಸುಟ್ಟವು. ಬೇಸಿಗೆ ಸುರಕ್ಷಿತ ಅನ್ನೋರು ಇದಕ್ಕೆ ಉತ್ತರ ಕೊಡಲಿ.

ಮೂಡಿಗೆರೆ: ಐದು ದಿನ ಒಣಗಿಸಿದ್ದೆವು ಸ್ವಾಮಿ. ನಿಮ್ಮ ಊರಿನ ಐದು ದಿನವೂ ಮಲೆನಾಡಿನ ಐದು ದಿನವೂ ಒಂದಲ್ಲ. ಇಲ್ಲಿ ಜುಲೈನಲ್ಲಿ ಒಗೆದ ಬಟ್ಟೆಯೇ ಒಣಗಲ್ಲ.

ಕಡೂರು: ಇಬ್ಬರೂ ತಾಯಿ ಗಿಡದ ಮಾತೇ ಎತ್ತಲಿಲ್ಲ. ಜೂನ್‌ನಿಂದ ನವೆಂಬರ್‌ವರೆಗೆ ಗಿಡ ಹೂ, ಕಾಯಿ ಹೊತ್ತಿರುತ್ತೆ. ಆಗ ಬಲಿತ ಕಾಂಡ ಕೊಯ್ದರೆ ಆ ವರ್ಷದ ಹಣ್ಣು ಹೋಯ್ತು. ಕೊಯ್ದ ಕಡ್ಡಿಯೂ ಬೇರು ಬಿಡುವ ಮುಂಚೆ ಮೊಗ್ಗು ಬಿಡುತ್ತೆ. ಕಂಡ ತಕ್ಷಣ ಚಿವುಟದಿದ್ದರೆ ಒಳಗಿನ ಸತ್ವ ಅದಕ್ಕೇ ಖರ್ಚು.

ನಮ್ಮ ಕ್ರಮ: ಕೊನೆ ಹಣ್ಣು ಇಳಿದ ಮೇಲೆ ಡಿಸೆಂಬರ್‌ನಲ್ಲಿ ಕತ್ತರಿಸೋದು. ಒಂದು ವರ್ಷ ತುಂಬಿದ, ಅಂಚು ಗಟ್ಟಿಯಾದ ಕಾಂಡ, ಒಂದಡಿಗೆ ಸ್ವಲ್ಪ ಕಮ್ಮಿ. ಬುಡದ ಕಡೆ ಮೂರೂ ಏಣನ್ನ ಪೆನ್ಸಿಲ್ ಚೂಪು ಮಾಡಿದ ಹಾಗೆ ಒಂದಿಂಚು ಹೆರೆದು ನಡುವಿನ ನಾರು ಕಾಣೋ ಹಾಗೆ ಬಿಡಬೇಕು, ಬೇರು ಅಲ್ಲಿಂದಲೇ ಬರೋದು. ತಲೆ ಕಡೆಗೆ ಸುಣ್ಣದ ಗುರುತು. ಆಳು ತಲೆಕೆಳಗು ನೆಟ್ಟರೆ ತಿಂಗಳುಗಟ್ಟಲೆ ಹಾಗೇ ನಿಂತಿರುತ್ತೆ. ಎರಡು ಪಾಲು ಕೆಂಪು ಮಣ್ಣು, ಒಂದು ಮರಳು, ಒಂದು ಹಳೇ ಕೊಟ್ಟಿಗೆ ಗೊಬ್ಬರ. ಮಾಗಿಯಲ್ಲಿ ಬೇರು ನಿಧಾನ, 25 ದಿನದ ಕೆಲಸಕ್ಕೆ 50 ಹಿಡಿಯಿತು. ಆದರೆ ಕೊಳೆತಿದ್ದು ನೂರಕ್ಕೆ ನಾಲ್ಕು. 50 ಪರ್ಸೆಂಟ್ ನೆರಳು ಪರದೆಗೆ 4,200 ಕೊಟ್ಟಿದ್ದು ಮಾರ್ಚ್, ಏಪ್ರಿಲ್ ದಾಟಿಸಿತು. ಮುಂಗಾರು ಬಿದ್ದಾಗ ಬೇರು ತುಂಬಿದ ಗಿಡವೇ ಹೊಲಕ್ಕೆ ಹೋಗುತ್ತೆ.

ಅರಸೀಕೆರೆ: ಪರದೆ 4,200, ಆರು ತಿಂಗಳು ನೀರು ಹಾಕೋ ಕೂಲಿ ಎಷ್ಟು? ಅದನ್ನ ಯಾಕೆ ಬರೆಯಲ್ಲ?

ಕಡೂರು: ವಾರಕ್ಕೆ ಎರಡು ಸಲ ನೀರು, ಮನೆಯವರೇ ಹಾಕಿದ್ದು. ದಿನಾ ಹಾಕಿದರೆ ಡಿಸೆಂಬರ್‌ನಲ್ಲೂ ಕೊಳೆಯುತ್ತೆ.

ಚನ್ನರಾಯಪಟ್ಟಣ: ಮಾಗಿಯಲ್ಲಿ ಹಾಕೋರು ಐಬಿಎ (ಬೇರು ಬರಿಸೋ ಹಾರ್ಮೋನ್) ಪುಡಿ ಹಚ್ಚಿ, ಚಳಿಗೆ ಬೇರು ತಡವಾಗೋದು ಕಮ್ಮಿಯಾಗುತ್ತೆ. ಹೊಸ ಮಳೆ ಬಿದ್ದು ನೆಲ ಬೆಚ್ಚಗಿರುವಾಗ ಅದರ ಅಗತ್ಯ ಇಲ್ಲ, ಬರೀ ದುಡ್ಡು ದಂಡ.

ಸಕಲೇಶಪುರ: ಕಡೂರಿನವರು ಕಡ್ಡಿ ಮಾರ್ತಾರೆ, ಅದಕ್ಕೇ ಡಿಸೆಂಬರ್ ಅಂತಾರೆ. ಮಾರೋರು ರೋಗದ ವಿಷಯ ಮುಚ್ಚಿಡ್ತಾರೆ. ಒಂದು ಕಡೆಯಿಂದ ತಂದ 150ರಲ್ಲಿ ಅರ್ಧಕ್ಕೆ ಚುಕ್ಕೆ. ಬಿಸಿಲಿನ ಕಲೆ ಅಂತ ಹೇಳಿ ಕೈ ತೊಳ್ಕೊಂಡ್ರು. 40ರಂತೆ 6,000 ಹೋಯ್ತು.

ಕಡೂರು: ಮಾರ್ತೀನಿ, ಕದ್ದು ಮಾರಲ್ಲ. ನಿಮಗೆ ಕೊಟ್ಟವನು ನಾನಲ್ಲ, ಮಾತು ನೋಡಿ ಆಡಿ. ಬಿಸಿಲಿನ ಕಲೆ ಬಿಸಿಲು ಬೀಳುವ ಒಂದೇ ಮಗ್ಗುಲಲ್ಲಿ, ಅಗಲಕ್ಕೆ ಹಳದಿ, ಮುಟ್ಟಿದರೆ ನುಣುಪು. ರೋಗದ್ದು ಸಾಸಿವೆಯಷ್ಟು ಕಿತ್ತಳೆ ಚುಕ್ಕೆಯಾಗಿ ಶುರುವಾಗಿ ಕಂದು ಹಕ್ಕಳೆಗಟ್ಟುತ್ತೆ, ಮೇಲೆ ಕಪ್ಪು ಸೂಜಿಮೊನೆ ಕಾಣುತ್ತೆ. ಮಳೆ ಹನಿ ಸಿಡಿದು ಹರಡುತ್ತೆ. ಸಿಕೇಚರ್ (ಗಿಡ ಕತ್ತರಿಸೋ ಕತ್ತರಿ) ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಸ್ಪಿರಿಟ್‌ನಲ್ಲಿ ಒರೆಸದಿದ್ದರೆ ಕೈಯಾರೆ ಹರಡಿದ ಹಾಗೆ. ಇದೂ ಮಳೆಯಲ್ಲಿ ಕೊಯ್ಯಬಾರದು ಅನ್ನೋದಕ್ಕೆ ಕಾರಣವೇ.

ಮೂಡಿಗೆರೆ: ಈ ಮಾತು ಮಾತ್ರ ನೂರಕ್ಕೆ ನೂರು ಸರಿ. ಬೇಲೂರಿನವರೇ, ಅವರು ಈಗಾಗಲೇ ಕೊಯ್ದಿದ್ದರೆ ಕಡ್ಡಿ ಎಸೆಯಬೇಡಿ. ತಗಡಿನ ಕೆಳಗೆ ಗಾಳಿಯಾಡೋ ಕಡೆ ಹಗ್ಗಕ್ಕೆ ಕಟ್ಟಿ ತೂಗುಬಿಡಿ. ರಾಶಿ ಹಾಕಿದರೆ ಒಳಗಿನದು ಬೆವರುತ್ತೆ. ಈ ಹವೆಯಲ್ಲಿ 12ರಿಂದ 15 ದಿನ ಬೇಕು. ಕೊಯ್ದ ಬಾಯಿ ಬೂದಿ ಬಣ್ಣಕ್ಕೆ ತಿರುಗಿ, ಉಗುರು ಒತ್ತಿದರೆ ಪಸೆ ಬರಬಾರದು.

ಬೇಲೂರು: ಕೊಯ್ದು ಆಗಿದೆ. ಕಿತ್ತಳೆ ಚುಕ್ಕೆ ಒಂದೇ ಕಂಬದ ಕಡ್ಡಿಯಲ್ಲಿ ಕಂಡಿತು, ಆ ಕಂಬದ ಹದಿನೆಂಟನ್ನೂ ಬೇರೆ ತೆಗೆದಿಟ್ಟಿದ್ದೀನಿ.

ಸಕಲೇಶಪುರ: ತೆಗೆದಿಡೋದಲ್ಲ, ಸುಡಿ. ಅಕ್ಕಪಕ್ಕದ ಕಂಬದ ಕಡ್ಡಿಯನ್ನೂ ಇನ್ನೊಂದು ಸಲ ಕನ್ನಡಕ ಹಾಕ್ಕೊಂಡು ನೋಡಿ.