ಸಹಾಯ ಬೇಕು: ಎಐಗೆ ಕೊಡೋಕೆ ಅಂಗಳದ ಫೋಟೊ ಹೇಗೆ ತೆಗೀಬೇಕು?

ನಮಸ್ಕಾರ್ರೀ ಎಲ್ಲರಿಗೂ. ಕಲಬುರಗಿಯಲ್ಲಿ ನಮ್ಮ ಮನೆ ಮುಂದೆ 20 ಅಡಿಗೆ 30 ಅಡಿ ಅಂಗಳ ಖಾಲಿ ಬಿದ್ದಿದೆ. ಅರ್ಧ ಶಹಾಬಾದ್ ಫರ್ಸಿ (ಕಲ್ಲಿನ ಹಾಸು), ಇನ್ನರ್ಧ ಕಪ್ಪು ಮಣ್ಣು, ಮೂಲೆಯಲ್ಲಿ ಒಂದು ಬೇವಿನ ಮರ. ಫೋಟೊ ಹಾಕಿದರೆ ತೋಟದ ಡಿಸೈನ್ ಮಾಡಿಕೊಡುವ ಎಐ ಆ್ಯಪ್‌ನಲ್ಲಿ ಮೂರು ಸಲ ನೋಡಿದೆ, ಒಂದೂ ಸರಿ ಬರಲಿಲ್ಲ. ಮಧ್ಯಾಹ್ನ 12ಕ್ಕೆ ತೆಗೆದದ್ದರಲ್ಲಿ ಫರ್ಸಿ ಬೆಳ್ಳಗೆ ಹೊಳೆದು, ಬೇವಿನ ನೆರಳು ಕರ್ರಗೆ ಬಿದ್ದಿತ್ತು, ಆ್ಯಪ್ ಆ ನೆರಳನ್ನೇ ಹೊಂಡ ಅಂದುಕೊಂಡು ಕಮಲ ಅರಳಿಸಿದೆ! ಮನೆಯವರು ಇನ್ನೂ ನಗ್ತಾ ಇದ್ದಾರೆ. ಮೊಬೈಲ್ ಕ್ಯಾಮೆರಾದ 0.5 ವೈಡ್ ಲೆನ್ಸ್ ಹಾಕಿದರೆ ಇಡೀ ಅಂಗಳ ಸಿಗುತ್ತದೆ, ಆದರೆ ಅಂಚಿನಲ್ಲಿ ಕಾಂಪೌಂಡ್ ಗೋಡೆ ವಾಲಿ, ಜಾಗ ಇರೋದಕ್ಕಿಂತ ಜಾಸ್ತಿ ಕಾಣುತ್ತದೆ, ಆಮೇಲೆ ಅದು ಕಾರಂಜಿ, ಹುಲ್ಲುಹಾಸು ಎಲ್ಲ ತುಂಬಿಸಿಬಿಡುತ್ತದೆ. ನಮ್ಮ ಮೇ ತಿಂಗಳ ಬಿಸಿಲಿಗೆ ಹುಲ್ಲುಹಾಸಿಗೆ ನೀರು ಎಲ್ಲಿಂದ ತರೋದು ಹೇಳಿ.

ನಾಳೆ ಬೆಳಗ್ಗೆ 7ಕ್ಕೆ ಗೇಟಿನ ಮೂಲೆಯಲ್ಲಿ ನಿಂತು, ಮೊಬೈಲ್ ಅಡ್ಡ ಹಿಡಿದು, ಎದೆ ಎತ್ತರದಲ್ಲಿ, ಮಾಮೂಲಿ ಲೆನ್ಸಿನಲ್ಲೇ ತೆಗೀಬೇಕು ಅಂತಿದ್ದೇನೆ. ಒಂದೇ ಫೋಟೊ ಸಾಕಾ, ನಾಲ್ಕೂ ಮೂಲೆಯಿಂದ ಬೇಕಾ? ಅಳತೆ ಗೊತ್ತಾಗಲಿ ಅಂತ ಕುರ್ಚಿ ಇಟ್ಟರೆ ಉಪಯೋಗ ಇದೆಯಾ, ಇಲ್ಲ ಅಡಿ ಲೆಕ್ಕ ಬರೆದೇ ಕೊಡಬೇಕಾ? ಸ್ಕೂಟರ್, ಬಟ್ಟೆ ಒಣಗಿಸೋ ಹಗ್ಗ ತೆಗೆಯಲೇಬೇಕಾ? ಮಾಡಿ ನೋಡಿದ ಅಣ್ಣಂದಿರು, ಅಕ್ಕಂದಿರು ನಿಮ್ಮ ಫೋಟೊ ಹಾಕಿ ತೋರಿಸ್ರೀ.